ಗೇರ್‌ಬಾಕ್ಸ್‌ಗೂ ಎಂಜಿನ್‌ಗೂ ನಡುವೆ ಬೆರಳಗಲ ಸಂದು ಉಳಿದಿದೆ, ಬೋಲ್ಟ್ ಬಿಗಿದರೆ ಕೂರುತ್ತಾ?

ಬೇಡ. ಮೊದಲು ಸ್ಪ್ಯಾನರ್ ಕೆಳಗಿಡಿ.

ರಿಪೇರಿಯಾದ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ವಾಪಸ್ ಬಂದಿದೆ, ನೀವೇ ಜೋಡಿಸುತ್ತಿದ್ದೀರಿ, ಸಂದು ಮಾತ್ರ ಮುಚ್ಚುತ್ತಿಲ್ಲ ಅಂತ ಬರೆದಿದ್ದೀರಿ. ಹೀಗಾದಾಗ ಬಹುಪಾಲು ಕಾರಣ ಒಂದೇ. ಟಾರ್ಕ್ ಕನ್ವರ್ಟರ್, ಅಂದರೆ ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ದುಂಡನೆಯ ಭಾಗ, ಪೂರ್ತಿ ಒಳಗೆ ಕೂತಿಲ್ಲ. ಬೋಲ್ಟ್ ಬಿಗಿದರೆ ಸಂದು ಮುಚ್ಚುತ್ತದೆ, ನಿಜ. ಒಳಗೆ ಗೇರ್‌ಬಾಕ್ಸಿನ ಆಯಿಲ್ ಪಂಪ್ ಒಡೆಯುತ್ತದೆ, ಅದೂ ನಿಜ.

ನಾನು ಮೊದಲ ಸಲ ಈ ಕೆಲಸಕ್ಕೆ ಕೈ ಹಾಕಿದಾಗ ಇದನ್ನೇ ಮಾಡಿದ್ದೆ. ಕಾರಿನ ಕೆಳಗೆ ಮಲಗಿ ಮಲಗಿ ಕುತ್ತಿಗೆ ಹಿಡಿದುಕೊಂಡಿತ್ತು, ಒಮ್ಮೆ ಮುಗಿದರೆ ಸಾಕು ಅನ್ನಿಸಿತ್ತು. ಎದುರುಬದುರು ಎರಡು ಬೋಲ್ಟ್ ಹಾಕಿ ಅರ್ಧರ್ಧ ಸುತ್ತು ಎಳೆದೆ. ಚೆನ್ನಾಗಿ ಕೂತಿತು! ಎಂಜಿನ್ ಶುರು ಮಾಡಿದರೆ ಕೊರಕೊರ ಸದ್ದು. ಯಾವ ಗೇರಿಗೆ ಹಾಕಿದರೂ ಕಾರು ಅಲ್ಲಾಡಲಿಲ್ಲ. ಬಿಚ್ಚಿ ನೋಡಿದರೆ ಪಂಪಿನ ಒಳಗಿನ ಗೇರು ಎರಡು ಹೋಳು.

ಯಾಕೆ ಹೀಗೆ? ಕನ್ವರ್ಟರ್ ಕೂರುವುದು ಒಂದೇ ಕಡೆ ಅಲ್ಲ, ಮೂರು ಕಡೆ. ಅದರ ಒಳಗಿನ ಟರ್ಬೈನಿನ ಹಲ್ಲುಗಳು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟನ್ನು ಹಿಡಿಯಬೇಕು. ಕನ್ವರ್ಟರಿನೊಳಗೆ ಆಯಿಲ್ ಹರಿವನ್ನು ತಿರುಗಿಸುವ ಸ್ಟೇಟರಿನ ಹಲ್ಲುಗಳು ಆ ಶಾಫ್ಟಿನ ಸುತ್ತ ಇರುವ, ತಿರುಗದ ಕೊಳವೆಯನ್ನು ಹಿಡಿಯಬೇಕು. ಕೊನೆಗೆ ಕನ್ವರ್ಟರ್ ಕತ್ತಿನ ತುದಿಯ ಕಚ್ಚುಗಳು ಪಂಪಿನ ಗೇರಿಗೆ ಸಿಗಬೇಕು. ಮೋಸ ಆಗುವುದು ಈ ಕೊನೆಯದರಲ್ಲೇ. ಎರಡು ಸಿಕ್ಕ ಕೂಡಲೇ ಕೆಲಸ ಆಯ್ತು ಅನ್ನಿಸುತ್ತದೆ.

ಹಾಗಾಗಿ ಗೇರ್‌ಬಾಕ್ಸನ್ನು ಕೆಳಗಿಳಿಸಿ. ಆದರೆ ಬೆಲ್ ಹೌಸಿಂಗ್ (ಎಂಜಿನ್‌ಗೆ ಅಂಟುವ, ಗಂಟೆಯಾಕಾರದ ಮುಂಭಾಗ) ಬಾಯಿ ಮೇಲೆ ಬರುವಂತೆ ನಿಲ್ಲಿಸಿ, ಆಗ ಕನ್ವರ್ಟರಿನ ಭಾರವೇ ನಿಮಗೆ ಸಹಾಯ ಮಾಡುತ್ತದೆ. ಕನ್ವರ್ಟರ್ ಕತ್ತಿನ ಮೇಲೆ ಉಗುರು ಆಡಿಸಿ ನೋಡಿ. ಉಗುರಿಗೆ ಗೀರು ಸಿಕ್ಕಿದರೆ ಅದು ಹೊಸ ಸೀಲನ್ನೂ ತಿನ್ನುತ್ತದೆ. ಕತ್ತಿಗೆ, ಸೀಲಿನ ತುಟಿಗೆ ಆ ಗೇರ್‌ಬಾಕ್ಸಿಗೆ ಹಾಕುವ ಆಟೊಮ್ಯಾಟಿಕ್ ಆಯಿಲನ್ನೇ (ATF) ಸವರಿ. ಕನ್ವರ್ಟರ್ ಒಣಗಿದ್ದರೆ ಒಳಗೆ ಅದೇ ಆಯಿಲ್ ಸುಮಾರು ಒಂದು ಲೀಟರ್ ಸುರಿಯಿರಿ. ಆಮೇಲೆ ನೇರವಾಗಿ ಇಳಿಸಿ, ಮೆಲ್ಲಗೆ ಒತ್ತುತ್ತಾ ಆ ಕಡೆ ಈ ಕಡೆ ತಿರುಗಿಸಿ. ಕಟಕ್ ಅಂತ ಒಂದು ಸಲ ಇಳಿಯುತ್ತದೆ, ಇನ್ನೊಂದು ಸಲ ಇಳಿಯುತ್ತದೆ. ಅಲ್ಲಿಗೆ ಬಿಡಬೇಡಿ. ಮೂರನೆಯ ಕಟಕ್ ಕೈಗೆ ಗೊತ್ತಾಗುವವರೆಗೂ ತಿರುಗಿಸುತ್ತಿರಿ. ಸುತ್ತಿಗೆ ಮುಟ್ಟಲೇಬೇಡಿ. ಕೆಲವು ಮಾಡೆಲ್‌ಗಳಲ್ಲಿ ಎರಡು ಒಟ್ಟಿಗೆ ಸಿಕ್ಕಿಬಿಡುತ್ತವೆ, ಆದ್ದರಿಂದ ಸದ್ದು ಎಣಿಸಿ ಸುಮ್ನಾಗುವುದೂ ಸಾಲದು. ಬೆಲ್ ಹೌಸಿಂಗ್ ಬಾಯಿಗೆ ಅಡ್ಡಲಾಗಿ ನೇರವಾದ ಪಟ್ಟಿ ಇಟ್ಟು, ಕನ್ವರ್ಟರಿನ ಬೋಲ್ಟ್ ಜಾಗದವರೆಗೆ ಆಳ ಅಳೆದು ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಹೋಲಿಸಿ.

ಒಂದು ವೇಳೆ ನೀವು ಮೊದಲೇ ಸರಿಯಾಗಿ ಕೂರಿಸಿದ್ದರೂ, ಎತ್ತುವಾಗ ಜಾರಿರಬಹುದು. ಗೇರ್‌ಬಾಕ್ಸಿನ ಮೂತಿ ಸ್ವಲ್ಪ ಕೆಳಗೆ ವಾಲಿದರೆ ಸಾಕು, ಕನ್ವರ್ಟರ್ ಮುಂದೆ ಬಂದು ಪಂಪಿನ ಕಚ್ಚು ತಪ್ಪಿಹೋಗುತ್ತದೆ. ಬೆಲ್ ಹೌಸಿಂಗಿಗೆ ಅಡ್ಡಲಾಗಿ ಒಂದು ಪಟ್ಟಿ ಬಿಗಿದು ತಡೆ ಕೊಡಿ. ಜೋಡಿಸುವ ಕೊನೇ ಗಳಿಗೆಯಲ್ಲಿ ತೆಗೆದರಾಯ್ತು.

ಬೇರೆ ಕಾರಣಗಳೂ ಇವೆ. ಮೇಲುಗಡೆ ಯಾವುದೋ ವೈರ್ ಸಿಕ್ಕಿಹಾಕಿಕೊಂಡಿರಬಹುದು. ಕನ್ವರ್ಟರಿಗೆ ಸ್ಟಡ್ ಇರುವ ಮಾದರಿಯಾದರೆ ಅವು ಫ್ಲೆಕ್ಸ್‌ಪ್ಲೇಟಿನ (ಎಂಜಿನ್ ಹಿಂದಿರುವ, ಕನ್ವರ್ಟರ್ ಜೋಡಿಸುವ ತೆಳು ತಟ್ಟೆಯ) ತೂತಿಗೆ ನೇರ ಬಂದಿರಬೇಕು. ಗೇರ್‌ಬಾಕ್ಸನ್ನು ಸರಿಯಾದ ಜಾಗಕ್ಕೆ ಕೂರಿಸುವ ಎಂಜಿನ್ ಬ್ಲಾಕಿನ ಡೋವೆಲ್ ಪಿನ್‌ಗಳು ಇವೆಯಾ ಅಂತಲೂ ನೋಡಿ. ಅವು ಸಂದಿಗೆ ಕಾರಣವಲ್ಲ, ಆದರೆ ಅವಿಲ್ಲದೆ ಜೋಡಿಸಿದರೆ ಮಧ್ಯ ತಪ್ಪಿ ಸೀಲು, ಬುಷ್ ಎರಡೂ ಬೇಗ ಹಾಳಾಗುತ್ತವೆ.

ಎಲ್ಲ ಸರಿಯಿದ್ದರೆ ಬೆಲ್ ಹೌಸಿಂಗ್ ಕೈಯ ಒತ್ತಡಕ್ಕೇ ಬ್ಲಾಕಿಗೆ ಅಂಟಿ ನಿಲ್ಲುತ್ತದೆ. ಆಗ ಬಿಗಿಯಿರಿ. ಬಿಗಿದ ಮೇಲೂ, ಬೋಲ್ಟ್ ಮಾದರಿಯಾದರೆ, ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್ ಮುಟ್ಟಲು ಸ್ವಲ್ಪ ಮುಂದೆ ಎಳೆಯುವಂತಿರಬೇಕು. ಹಲವು ಕಾರುಗಳಲ್ಲಿ ಇದು 3ರಿಂದ 5 ಮಿಲಿಮೀಟರ್. ತಿರುಗದೆ ಹಿಡಿದುಕೊಂಡಿದ್ದರೆ ಮತ್ತೆ ಬಿಚ್ಚಿ, ಬೇಜಾರಾದರೂ ಸರಿ. ಕನ್ವರ್ಟರಿಗೆ ಅದರದೇ ಬೋಲ್ಟ್ ಹಾಕಿ. ಕೈಗೆ ಸಿಕ್ಕ ಉದ್ದದ ಬೋಲ್ಟ್ ಒಳಗಿನ ಲಾಕಪ್ ಕ್ಲಚ್ ಮೇಲ್ಮೈಯನ್ನೇ ಉಬ್ಬಿಸಿಬಿಡಬಹುದು.

ಆಯಿಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯಿಲ್ ತಣಿಸುವ ಕೂಲರ್ ಮತ್ತು ಪೈಪುಗಳನ್ನು ತೊಳೆಯದೆ ಜೋಡಿಸಬೇಡಿ, ಹಳೆಯ ಲೋಹದ ಪುಡಿ ಹೊಸ ಗೇರ್‌ಬಾಕ್ಸಿಗೆ ಬರುತ್ತದೆ. ಆಯಿಲ್ ಇಲ್ಲದೆ ಎಂಜಿನ್ ಶುರು ಮಾಡಬೇಡಿ. ಶುರುವಾದ ಮೇಲೆ ಕನ್ವರ್ಟರ್ ಇನ್ನಷ್ಟು ಕುಡಿಯುತ್ತದೆ, ಆದ್ದರಿಂದ ಮ್ಯಾನ್ಯುಯಲ್‌ ಹೇಳಿದ ಬಿಸಿಗೆ ಮತ್ತೆ ಮಟ್ಟ ನೋಡಿ.

ಈಗ ಒಂದು ವಿಷಯ ತಿಳಿಸಿ. ಆ ಬೋಲ್ಟ್‌ಗಳನ್ನು ಬೆರಳಲ್ಲಿ ಮಾತ್ರ ತಿರುಗಿಸಿದ್ದೀರಾ ಅಥವಾ ಸ್ಪ್ಯಾನರ್ ಹಾಕಿ ಎಳೆದಿದ್ದೀರಾ? ಬೆರಳಲ್ಲಾದರೆ ಚಿಂತೆ ಬೇಡ. ಎಳೆದಿದ್ದರೆ ಕನ್ವರ್ಟರ್ ಹೊರಗೆ ತೆಗೆದು, ಟಾರ್ಚ್ ಹಾಕಿ ಪಂಪ್ ಗೇರಿನ ಕಚ್ಚುಗಳನ್ನು ಒಂದೊಂದಾಗಿ ನೋಡಿ.