ಹೆಸರು ಹಾಕಿಲ್ಲ ಅಂದರೆ ಗುರುತು ಹೇಳಿಲ್ಲ ಅಂತಲ್ಲ

ಪ್ರಶ್ನೆ: ನಮ್ಮೂರ ಹುಡುಗಿಯ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆ) ಕೇಸು ಲೋಕಲ್ ಯೂಟ್ಯೂಬ್ ಚಾನೆಲ್‌ನಲ್ಲಿ ಬಂತು. ಹೆಸರು ಹೇಳಿಲ್ಲ, ಮುಖ ಬ್ಲರ್ ಮಾಡಿದ್ದಾರೆ. ಆದರೂ ಊರಿಗೆಲ್ಲ ಗೊತ್ತಾಯಿತು. ಇದು ತಪ್ಪಲ್ವಾ? (ಕೋಲಾರ ಜಿಲ್ಲೆಯ ಓದುಗರು)

ತಪ್ಪೇ. ‘ಹೆಸರು ಹಾಕಿಲ್ವಲ್ಲ ಸಾರ್’ ಅನ್ನೋ ವಾದ ಕೇಳಿ ಕೇಳಿ ನನಗೆ ಸಾಕಾಗಿದೆ. ಆ ವಿಡಿಯೊ ನೋಡಿದೆ. ಮುಖ ಕಾಣುವುದಿಲ್ಲ, ಸರಿ. ಆದರೆ ಮನೆಯ ನೀಲಿ ಬಾಗಿಲು, ಪಕ್ಕದ ರೇಷ್ಮೆ ಹುಳದ ಶೆಡ್ಡು, ತಂತಿ ಮೇಲೆ ಒಣಹಾಕಿದ ಕಾಲೇಜು ಯೂನಿಫಾರಂ ಎಲ್ಲ ಕಾಣುತ್ತದೆ. ಮೇಲೆ ‘ಡೇರಿ ಕಾರ್ಯದರ್ಶಿಯ ಮಗಳು’ ಅಂತ ಬೇರೆ ಹೇಳಿದ್ದಾರೆ. (ವಿವರಗಳನ್ನು ಬೇಕೆಂದೇ ಬದಲಿಸಿ ಬರೆದಿದ್ದೇನೆ.) ಊರಿಗೆ ಒಂದೇ ಡೇರಿ, ಒಬ್ಬರೇ ಕಾರ್ಯದರ್ಶಿ. ಬೆಳಗ್ಗೆ ಹಾಲು ಹಾಕಲು ಕ್ಯಾನ್ ಹಿಡಿದು ನಿಂತವರಿಗೆ ಇನ್ನು ಹೆಸರು ಯಾಕೆ ಬೇಕು?

ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರೊಂದನ್ನೇ ಮುಚ್ಚಿಡಿ ಅಂತ ಹೇಳಿಲ್ಲ. ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ, ಮಗು ಯಾರೆಂದು ಗೊತ್ತಾಗುವ ಯಾವುದನ್ನೂ ಮಾಧ್ಯಮ ಹೇಳುವಂತಿಲ್ಲ. ಶಿಕ್ಷೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವರದಿಗಾರನ ಮೇಲೆ ಹಾಕಿ ಮಾಲೀಕ ಜಾರಿಕೊಳ್ಳುವಂತಿಲ್ಲ, ಅವನೂ ಹೊಣೆ. 18 ದಾಟಿದ ಸಂತ್ರಸ್ತೆಯಾದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಇದೆ, 2 ವರ್ಷದವರೆಗೆ ಜೈಲು ಮತ್ತು ದಂಡ. ಹಳೆಯ ಐಪಿಸಿಯಲ್ಲಿ ಇದೇ 228ಎ.

ಈಗ ನೀವು ಮಾಡಬೇಕಾದದ್ದು: ಚಾನೆಲ್‌ನವರ ಜೊತೆ ಜಗಳಕ್ಕೆ ಹೋಗುವ ಮೊದಲು ಲಿಂಕ್, ದಿನಾಂಕ, ಸಮಯ ಕಾಣುವ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಆಮೇಲೆ ಲಿಖಿತ ದೂರು ಕೊಡಿ. ‘ನೋಡಿ ಎಂಥ ಅನ್ಯಾಯ’ ಅಂತ ಆ ವಿಡಿಯೊವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರೆ ಮೊದಲು ಅದನ್ನು ಅಳಿಸಿ. ಅನುಕಂಪದಿಂದ ಹಂಚಿದರೂ ಆ ಹುಡುಗಿಗೆ ಆಗುವ ನೋವು ಅಷ್ಟೇ.

ಪ್ರಶ್ನೆ: ತಂದೆ ತಾಯಿಯೇ ಕ್ಯಾಮೆರಾ ಮುಂದೆ ಒಪ್ಪಿದ್ದರೆ?
ಮಗುವಿನ ವಿಷಯದಲ್ಲಿ ಅದು ನಡೆಯುವುದಿಲ್ಲ. ಅನುಮತಿ ಕೊಡಬೇಕಾದದ್ದು ವಿಶೇಷ ನ್ಯಾಯಾಲಯ, ಅದೂ ಮಗುವಿನ ಹಿತಕ್ಕಾಗಿ, ಬರಹದಲ್ಲಿ ಕಾರಣ ಕೊಟ್ಟು.

ಪ್ರಶ್ನೆ: ಹುಡುಗಿ ತೀರಿಹೋಗಿದ್ದಾಳೆ. ಮೇಣದಬತ್ತಿ ಮೆರವಣಿಗೆಯ ಫ್ಲೆಕ್ಸ್‌ಗೆ ಫೋಟೊ ಹಾಕಬಹುದಾ?
ಬೇಡ. ಸತ್ತ ಮೇಲೂ ಗುರುತು ಕಾಪಾಡಬೇಕು ಅಂತ ಸುಪ್ರೀಂ ಕೋರ್ಟ್ 2018ರ ನಿಪುಣ್ ಸಕ್ಸೇನಾ ತೀರ್ಪಿನಲ್ಲೇ ಹೇಳಿದೆ.

ಪ್ರಶ್ನೆ: ದುಡ್ಡು ಕೊಟ್ಟರೆ ವಿಡಿಯೊ ತೆಗೆಸುತ್ತೇನೆ ಅಂತ ಒಬ್ಬರು ಬಂದಿದ್ದಾರೆ.
ಒಂದು ರೂಪಾಯಿಯೂ ಕೊಡಬೇಡಿ. ಅವರ ನಂಬರನ್ನೂ ದೂರಿನಲ್ಲಿ ಬರೆಯಿರಿ.