ಲಿಪೋ ಬ್ಯಾಟರಿ ಮನೆಯಲ್ಲಿ ಇಡೋದು ಹೇಗೆ? ಚೀಲ ಕೊಳ್ಳುವ ಮೊದಲು ವೋಲ್ಟೇಜ್ ನೋಡಿ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಒಂದು ರಿಮೋಟ್ ಕಾರು, ಒಂದು ಡ್ರೋನ್, ಎರಡಕ್ಕೂ ಸೇರಿ ಏಳು ಲಿಪೋ (ಲಿಥಿಯಂ ಪಾಲಿಮರ್, ಲಿಥಿಯಂ-ಅಯಾನ್‌ನದೇ ಒಂದು ಬಗೆ) ಬ್ಯಾಟರಿ. ಮನೆ ಚಿಕ್ಕದು, ಆರು ವರ್ಷದ ಮಗಳಿದ್ದಾಳೆ. ಬ್ಯಾಟರಿಗಳನ್ನೆಲ್ಲ ಫುಲ್ ಚಾರ್ಜ್ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮಲಗುವ ಕೋಣೆಯ ಬೀರುವಿನಲ್ಲಿ ಬಟ್ಟೆಗಳ ಪಕ್ಕ ಇಟ್ಟಿದ್ದೀರಿ. ಬೆಂಕಿ ತಡೆಯುವ ಚೀಲ ತಂದರೆ ಸಾಕಾ ಅಂತ ಕೇಳಿದ್ದೀರಿ.

ಸಾಕಾಗಲ್ಲ. ಚೀಲದ ವಿಷಯ ಆಮೇಲೆ ನೋಡೋಣ, ಮೊದಲು ಆ ಡಬ್ಬಿಯನ್ನು ಇವತ್ತೇ ಬೀರುವಿನಿಂದ ತೆಗೆಯಿರಿ. ಬಟ್ಟೆ, ಪರದೆ, ಹಾಸಿಗೆ ಯಾವುದೂ ಹತ್ತಿರ ಇಲ್ಲದ ಕಡೆ, ಬರಿ ನೆಲದ ಮೇಲೆ ಇಡಿ. ನಾಳೆ ಕಾರು, ಡ್ರೋನ್ ಎರಡನ್ನೂ ಹೊರಗೆ ಒಯ್ದು ಏಳೂ ಬ್ಯಾಟರಿಗಳನ್ನು ಅರ್ಧಕ್ಕೆ ಇಳಿಸಿಕೊಂಡು ಬನ್ನಿ. ಅಷ್ಟು ಮಾಡಿದರೆ ನಿಮ್ಮ ಅಪಾಯದ ದೊಡ್ಡ ಪಾಲು ಕಡಿಮೆಯಾಗುತ್ತದೆ, ಅದಕ್ಕೆ ಏನೂ ಕೊಳ್ಳಬೇಕಾಗಿಲ್ಲ.

ಅರ್ಧಕ್ಕೆ ಅಂದರೆ ಎಷ್ಟು? ಸಾಮಾನ್ಯ ಲಿಪೋದಲ್ಲಿ ಒಂದು ಸೆಲ್ ಫುಲ್ ಆದಾಗ 4.2 ವೋಲ್ಟ್ ಇರುತ್ತದೆ. 3.0 ವೋಲ್ಟ್‌ಗಿಂತ ಕೆಳಗೆ ಇಳಿದರೆ ಹಾಳಾಗಲು ಶುರುವಾಗುತ್ತದೆ. ಎತ್ತಿಡುವಾಗ ಇರಬೇಕಾದದ್ದು 3.8ರಿಂದ 3.85 ವೋಲ್ಟ್. ಮೂರು ಸೆಲ್‌ನ 3ಎಸ್ ಪ್ಯಾಕ್ ಆದರೆ ಒಟ್ಟು 11.4ರಿಂದ 11.55, ನಾಲ್ಕು ಸೆಲ್‌ನದಾದರೆ 15.2ರಿಂದ 15.4. ಒಟ್ಟು ಅಂಕಿ ಒಂದನ್ನೇ ನೋಡಿ ಬಿಟ್ಟುಬಿಡಬೇಡಿ, ಒಂದೊಂದು ಸೆಲ್‌ನದ್ದೂ ಬೇರೆ ಬೇರೆ ನೋಡಿ. ಮೂರರಲ್ಲಿ ಎರಡು 3.9 ಇದ್ದು ಒಂದು 3.6 ಇದ್ದರೂ ಮೊತ್ತ 11.4 ಬರುತ್ತದೆ, ಆದರೆ ಆ ಪ್ಯಾಕ್ ಸರಿ ಇಲ್ಲ ಅಂತಲೇ ಲೆಕ್ಕ.

ಒಳ್ಳೆ ಚಾರ್ಜರ್‌ಗಳಲ್ಲೆಲ್ಲ ಸ್ಟೋರೇಜ್ ಅನ್ನೋ ಆಯ್ಕೆ ಇರುತ್ತದೆ, ಅದನ್ನು ಒತ್ತಿದರೆ ಕಡಿಮೆ ಇದ್ದರೆ ಏರಿಸಿ, ಜಾಸ್ತಿ ಇದ್ದರೆ ಇಳಿಸಿ ಈ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ. ಏರಿಸೋದು ಬೇಗ ಆಗುತ್ತದೆ. ಇಳಿಸೋದು ಮಾತ್ರ ತುಂಬಾ ನಿಧಾನ. 3ಎಸ್ 2200 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 24 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಎಷ್ಟೋ ಸಣ್ಣ ಚಾರ್ಜರ್‌ಗಳು ಬರೀ 5 ವ್ಯಾಟ್ ವೇಗದಲ್ಲಿ ಖಾಲಿ ಮಾಡುತ್ತವೆ, ಅಂದರೆ ಫುಲ್‌ನಿಂದ ಅರ್ಧಕ್ಕೆ ಇಳಿಸಲು ಒಂದೇ ಒಂದು ಪ್ಯಾಕಿಗೆ ಸುಮಾರು ಎರಡೂವರೆ ಗಂಟೆ. ಏಳನ್ನೂ ಹೀಗೆ ಇಳಿಸಲು ಕೂತರೆ ಒಂದು ದಿನ ಪೂರ್ತಿ ಬೇಕು, ರಾತ್ರಿ ಹಚ್ಚಿಟ್ಟು ಮಲಗುವ ಆಸೆ ಬರುತ್ತದೆ, ಅದನ್ನಂತೂ ಮಾಡಲೇಬಾರದು. ಅದಕ್ಕೇ ನಾಳೆ ಆಡಿಸಿ ಇಳಿಸಿ ಅಂದದ್ದು. ಮುಂದಕ್ಕೂ ಅಷ್ಟೇ, ಹಾರಿಸುವ ದಿನ ಬೆಳಿಗ್ಗೆ ಚಾರ್ಜ್ ಮಾಡಿ. ಹಿಂದಿನ ವಾರವೇ ಫುಲ್ ಮಾಡಿ ರೆಡಿ ಇಟ್ಟುಕೊಳ್ಳುವ ಅಭ್ಯಾಸ ಬಿಡಿ.

ನಾನು ಇದನ್ನು ಒಂದು ಪ್ಯಾಕ್ ಕಳೆದುಕೊಂಡು ಕಲಿತೆ. ಮರುದಿನ ಹಾರಿಸೋಣ ಅಂತ ಫುಲ್ ಚಾರ್ಜ್ ಮಾಡಿಟ್ಟಿದ್ದೆ. ಅಷ್ಟರಲ್ಲಿ ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದೆ ಎಲ್ಲ ಬಿಟ್ಟು ಹೊರಡಬೇಕಾಯಿತು, ವಾಪಸ್ ಬರುವಷ್ಟರಲ್ಲಿ ಐದು ವಾರ ಕಳೆದಿತ್ತು. ಪೆಟ್ಟಿಗೆ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಟರಿಯ ಹೊರಗಿನ ಕವಚದ ಮೇಲಿದ್ದ ಅಕ್ಷರಗಳು. ಅಗಲಕ್ಕೆ ಹಿಗ್ಗಿಸಿದಂತೆ ಕಾಣುತ್ತಿದ್ದವು. ಕೈಗೆತ್ತಿಕೊಂಡೆ. ಇಟ್ಟಿಗೆಯಂತೆ ಚಪ್ಪಟೆಯಾಗಿ ಗಟ್ಟಿ ಇರಬೇಕಾದದ್ದು ಎರಡೂ ಬದಿಗೆ ಉಬ್ಬಿತ್ತು, ಹೆಬ್ಬೆರಳು ಇಟ್ಟರೆ ಗಾಳಿ ದಿಂಬಿನ ಹಾಗೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬಂತು. ಒಂದು ಮೂಲೆಯಿಂದ ಉಗುರುಬಣ್ಣ ಒರೆಸುವ ದ್ರವದಂಥ ಸಿಹಿ ಸಿಹಿ ವಾಸನೆ ಬರುತ್ತಿತ್ತು. ಆ ವಾಸನೆ ಬಂತು ಅಂದರೆ ಒಳಗಿನ ಎಲೆಕ್ಟ್ರೋಲೈಟ್ ಎಂಬ ರಾಸಾಯನಿಕ ಹೊರಗೆ ಬರುತ್ತಿದೆ ಅಂತ. ಅವತ್ತು ಏನೂ ಹೊತ್ತಿಕೊಳ್ಳಲಿಲ್ಲ. ಆದರೆ ಆ ಪೆಟ್ಟಿಗೆ ಇದ್ದದ್ದು ಮಲಗುವ ಮಂಚದ ಕೆಳಗೆ. ನಿಮ್ಮ ಪ್ರಶ್ನೆಯಲ್ಲಿ ಬೀರು ಅಂತ ಓದಿದ ತಕ್ಷಣ ಬರೆಯಲು ಕೂತದ್ದು ಅದಕ್ಕೇ.

ಒಳಗೆ ಆಗೋದು ಏನು ಅಂತ ಗೊತ್ತಿದ್ದರೆ ಇನ್ನುಳಿದ ಮಾತೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಸೆಲ್‌ನೊಳಗೆ ಪ್ಲಸ್ ಪದರ, ಮೈನಸ್ ಪದರ, ಇವೆರಡರ ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ಪ್ಲಾಸ್ಟಿಕ್ ಹಾಳೆ. ಜಜ್ಜಿ ಹೋಗಿಯೋ, ಓವರ್ ಚಾರ್ಜ್ ಆಗಿಯೋ, ಬಿಸಿಗೋ ಆ ಹಾಳೆ ಒಂದು ಕಡೆ ಕೆಟ್ಟರೆ ಒಳಗೇ ಶಾರ್ಟ್ ಆಗುತ್ತದೆ. ಆ ಬಿಸಿಗೆ ಅಕ್ಕಪಕ್ಕದ ಹಾಳೆಯೂ ಕರಗುತ್ತದೆ, ಸುಮಾರು 130 ಡಿಗ್ರಿ ಮುಟ್ಟಿದರೆ ಸಾಕು. ಆಮೇಲೆ ಬಿಸಿ ಬಿಸಿಯನ್ನೇ ಹೆಚ್ಚಿಸುತ್ತಾ ಹೋಗುತ್ತದೆ, ತಡೆಯಲು ಆಗುವುದಿಲ್ಲ. ಪ್ಲಸ್ ಪದರದ ಆಕ್ಸೈಡ್ ಕಾದಾಗ ತಾನೇ ಆಮ್ಲಜನಕ ಬಿಡುವುದರಿಂದ ಮುಚ್ಚಿ ಗಾಳಿ ಕಟ್ಟಿದರೂ ಉರಿ ನಿಲ್ಲುವುದಿಲ್ಲ. ಫುಲ್ ಚಾರ್ಜ್ ಆದ ಸೆಲ್ ಇದಕ್ಕೆಲ್ಲ ಬೇಗ ತುತ್ತಾಗುತ್ತದೆ, ಜೋರಾಗಿಯೂ ಉರಿಯುತ್ತದೆ. ಚಾರ್ಜ್ ಕಡಿಮೆ ಇದ್ದಷ್ಟೂ ಶಾಂತ. ವಿಮಾನದವರು ಇದನ್ನು ನಿಯಮವನ್ನೇ ಮಾಡಿದ್ದಾರೆ: ಬರೀ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಸರಕಾಗಿ ಕಳಿಸುವಾಗ ಚಾರ್ಜ್ 30% ಮೀರಬಾರದು ಎಂಬುದು 2016ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ಪ್ರಯಾಣಿಕರ ವಿಮಾನದ ಸರಕಿನಲ್ಲಂತೂ ಅವಕ್ಕೆ ಜಾಗವೇ ಇಲ್ಲ.

ಈಗ ಚೀಲ, ಪೆಟ್ಟಿಗೆ. ಬೆಂಕಿ ತಡೆಯುವ ಚೀಲ ಅಂತ ಮಾರುವುದು ಹೆಚ್ಚಾಗಿ ಗಾಜಿನ ನಾರಿನ ಬಟ್ಟೆ. ಒಂದು ಸಣ್ಣ ಪ್ಯಾಕ್ ಹೊತ್ತಿಕೊಂಡರೆ ಜ್ವಾಲೆ ನೇರ ಹೊರಗೆ ಚಿಮ್ಮದಂತೆ ತಕ್ಕ ಮಟ್ಟಿಗೆ ತಡೆಯುತ್ತದೆ. ಹೊಗೆಯನ್ನು ತಡೆಯುವುದಿಲ್ಲ. ಏಳನ್ನೂ ಒಂದೇ ಚೀಲಕ್ಕೆ ತುರುಕಿದರೆ ಒಂದು ಹೊತ್ತಿದ ಬಿಸಿಗೆ ಉಳಿದ ಆರೂ ಸಾಲಾಗಿ ಹೊತ್ತಿಕೊಳ್ಳುತ್ತವೆ, ಆಗ ಆ ಬಟ್ಟೆ ಏನೂ ಮಾಡಲಾರದು.

ನನಗೆ ಹಿಡಿಸಿದ್ದು ದಪ್ಪ ತಗಡಿನ ಪೆಟ್ಟಿಗೆ. ಮದ್ದುಗುಂಡು ಇಡಲು ಬಳಸುವ ಮಾದರಿಯದ್ದು ಸಿಗುತ್ತದೆ, ಚೆನ್ನಾಗಿರುತ್ತದೆ. ಒಂದು ವಿಷಯ ಮಾತ್ರ ಮರೆಯಬೇಡಿ. ಅದರ ಮುಚ್ಚಳದ ಒಳಗೆ ರಬ್ಬರ್ ಪಟ್ಟಿ ಇರುತ್ತದೆ, ನೀರು, ಗಾಳಿ ಹೋಗದಂತೆ ಬಿಗಿಯಾಗಿ ಮುಚ್ಚಲು. ಅದನ್ನು ಕಿತ್ತು ಹಾಕಿ. ಬೇಕಾದರೆ ಬದಿಗೆ ಒಂದೆರಡು ತೂತು ಕೊರೆಯಿರಿ. ಬ್ಯಾಟರಿ ಕೆಟ್ಟಾಗ ಒಂದು ಸೆಕೆಂಡಿನಲ್ಲಿ ರಾಶಿ ಗ್ಯಾಸ್ ಬರುತ್ತದೆ, ಅದಕ್ಕೆ ಹೊರಗೆ ದಾರಿ ಇಲ್ಲದಿದ್ದರೆ ಪೆಟ್ಟಿಗೆಯೇ ಬಾಂಬ್ ಆಗುತ್ತದೆ. ಒಳಗೆ ತಗಡಿಗೆ ಬ್ಯಾಟರಿಯ ತುದಿ ತಾಗದಂತೆ ಜಿಪ್ಸಂ ಬೋರ್ಡಿನ ತುಂಡುಗಳನ್ನು ಹಾಸಿ, ಅವನ್ನೇ ಒಂದೊಂದು ಬ್ಯಾಟರಿಯ ನಡುವೆ ನಿಲ್ಲಿಸಿ. ಏಳನ್ನು ಎರಡು ಪೆಟ್ಟಿಗೆಗೆ ಹಂಚಿದರೆ ಇನ್ನೂ ಒಳ್ಳೆಯದು. ತಗಡಿನ ಪೆಟ್ಟಿಗೆ ಸಿಗದಿದ್ದರೆ ದಪ್ಪ ಮಣ್ಣಿನ ಹೂಕುಂಡ, ಮೇಲೊಂದು ಟೈಲ್ಸ್ ಮುಚ್ಚಿದರೂ ಪ್ಲಾಸ್ಟಿಕ್ ಡಬ್ಬಿಗಿಂತ ಎಷ್ಟೋ ಮೇಲು. ಪ್ಲಾಸ್ಟಿಕ್ ಬೆಂಕಿಗೆ ಉರುವಲು ಅಷ್ಟೇ.

ಪೆಟ್ಟಿಗೆ ಇಡುವ ಜಾಗ ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಡುರಾತ್ರಿ ಇದರಿಂದ ಹೊಗೆ ಎದ್ದರೆ ನಾವು ಮೂವರೂ ಇದನ್ನು ದಾಟದೆ ಹೊರಗೆ ಹೋಗಬಹುದಾ? ಹೊರಬಾಗಿಲ ಪಕ್ಕ, ಮೆಟ್ಟಿಲ ಕೆಳಗೆ, ಮಲಗುವ ಕೋಣೆ, ಮೂರೂ ಬೇಡ. ಟೈಲ್ಸ್ ಅಥವಾ ಕಾಂಕ್ರೀಟ್ ನೆಲ, ಮೇಲೆ ಕಪಾಟು ಇರಬಾರದು, ಮಧ್ಯೆ ಮುಚ್ಚುವಂಥ ಒಂದು ಬಾಗಿಲು ಇದ್ದರೆ ಒಳ್ಳೆಯದು. ಮೇಲೆ ಚಾವಣಿಗೆ ಹೊಗೆ ಪತ್ತೆ ಮಾಡುವ ಅಲಾರಂ ಹಾಕಿ. ಚೀಲಕ್ಕೆ ಅಂತ ಇಟ್ಟ ದುಡ್ಡಿನಲ್ಲಿ ನಾನಾಗಿದ್ದರೆ ಮೊದಲು ಆ ಅಲಾರಂ ತರುತ್ತಿದ್ದೆ. ಬಿಸಿಲು ಬೀಳುವ ಬಾಲ್ಕನಿ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಬೇಡವೇ ಬೇಡ, ಅದರೊಳಗಿನ ಬಿಸಿ 60 ಡಿಗ್ರಿ ಮುಟ್ಟಬಹುದು. ಫ್ರಿಜ್‌ನಲ್ಲಿ ಇಡಿ ಅಂತ ಕೆಲವರು ಹೇಳುತ್ತಾರೆ, ನಾನು ಹೇಳುವುದಿಲ್ಲ, ಹೊರಗೆ ತೆಗೆದಾಗ ತೇವ ಕಟ್ಟುತ್ತದೆ, ಊಟದ ಸಾಮಾನಿನ ಪಕ್ಕ ಅದು ಇರಲೂಬಾರದು. ಮನುಷ್ಯರಿಗೆ ಹಾಯೆನಿಸುವ ತಂಪು ಬ್ಯಾಟರಿಗೂ ಸಾಕು.

ಮಗಳ ವಿಷಯ. ಮಕ್ಕಳಿಗೆ ಬ್ಯಾಟರಿ ತಂತಿಯ ತುದಿಯಲ್ಲಿರುವ ಆ ಹಳದಿ ಕನೆಕ್ಟರ್ ಆಟದ ಸಾಮಾನಿನಂತೆ ಕಾಣುತ್ತದೆ. ಅದರ ಎರಡು ತೂತಿಗೆ ಒಂದು ಕೂದಲ ಪಿನ್ ಸಿಕ್ಕಿಸಿದರೆ ಸಾಕು, ಹತ್ತಾರು ಆಂಪಿಯರ್, ಕೆಲವೊಮ್ಮೆ ನೂರು ದಾಟಿ ಕರೆಂಟ್ ಹರಿಯುತ್ತದೆ, ಪಿನ್ ಕೆಂಪಗೆ ಕಾಯುತ್ತದೆ, ಕೈ ಸುಡುತ್ತದೆ. ಪ್ರತಿ ಕನೆಕ್ಟರಿಗೂ ಪ್ಲಾಸ್ಟಿಕ್ ಟೋಪಿ ಹಾಕಿ, ಸಿಗದಿದ್ದರೆ ಇನ್ಸುಲೇಷನ್ ಟೇಪ್ ಸುತ್ತಿ. ಪೆಟ್ಟಿಗೆಗೆ ಬೀಗ ಇರಲಿ. ಇದು ಬಿಸಿಯಾಗುವ ವಸ್ತು, ಅಪ್ಪನೋ ಅಮ್ಮನೋ ಜೊತೆಗಿದ್ದಾಗ ಮಾತ್ರ ಮುಟ್ಟಬೇಕು ಅಂತ ಅವಳಿಗೂ ಹೇಳಿ, ಆರು ವರ್ಷಕ್ಕೆ ಅರ್ಥವಾಗುತ್ತದೆ.

ಎತ್ತಿಡುವ ಮೊದಲು ಬ್ಯಾಟರಿಗೆ ಸಿಕ್ಕಿಸಿದ್ದೆಲ್ಲ ಬಿಚ್ಚಿ. ಕಾರಿನ ಸ್ವಿಚ್ ಆಫ್ ಇದ್ದರೂ ಒಳಗೆ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ. ವೋಲ್ಟೇಜ್ ನೋಡುವ ಪುಟ್ಟ ಬಜರ್ ಇರುತ್ತದಲ್ವಾ, ಅದನ್ನು ಬ್ಯಾಲೆನ್ಸ್ ತಂತಿಯಲ್ಲಿ (ಒಂದೊಂದು ಸೆಲ್‌ಗೂ ಹೋಗುವ ತೆಳು ತಂತಿಗಳ ಕನೆಕ್ಟರ್) ಹಾಗೇ ಬಿಟ್ಟು ಮರೆತರೆ ಕೆಲವು ದಿನಗಳಲ್ಲಿ ಪ್ಯಾಕ್ ಸತ್ತಿರುತ್ತದೆ. ಹಾಗೆ ಪೂರ್ತಿ ಕೆಳಗೆ ಹೋದ ಲಿಪೋವನ್ನು ಏನೇನೋ ಮಾಡಿ ಎಬ್ಬಿಸಿ ಮತ್ತೆ ಚಾರ್ಜ್ ಮಾಡುವ ವಿಡಿಯೋಗಳಿವೆ, ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. ನಾನು ಪ್ರತಿ ಪ್ಯಾಕಿನ ಮೇಲೆ ಕಾಗದದ ಟೇಪ್ ಅಂಟಿಸಿ ದಿನಾಂಕ, ಸೆಲ್‌ಗಳ ವೋಲ್ಟೇಜ್ ಬರೆಯುತ್ತೇನೆ. ತಿಂಗಳಿಗೊಮ್ಮೆ ತೆಗೆದು ಮತ್ತೆ ಅಳೆಯುತ್ತೇನೆ. ಚೆನ್ನಾಗಿರುವ ಲಿಪೋ ತಿಂಗಳಲ್ಲಿ ಹೆಚ್ಚೇನೂ ಇಳಿಯುವುದಿಲ್ಲ. ಒಂದೇ ಸೆಲ್ ಉಳಿದವಕ್ಕಿಂತ 0.1 ವೋಲ್ಟ್ ಕೆಳಗೆ ಬಂದಿದ್ದರೆ ಆ ಪ್ಯಾಕನ್ನು ನಾನು ಬೇರೆ ಇಡುತ್ತೇನೆ.

ಡ್ರೋನ್ ಬಿದ್ದರೆ ಬ್ಯಾಟರಿಯನ್ನು ಅವತ್ತೇ ಮನೆಯೊಳಗೆ ತರಬೇಡಿ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ, ಬೆಂಕಿ ಗಂಟೆಗಳ ನಂತರವೂ ಬರಬಹುದು. ಬಯಲಿನಲ್ಲಿ, ಒಣಹುಲ್ಲು ಇಲ್ಲದ ಕಡೆ ಇಟ್ಟು ಕಾಯಿರಿ. ಜಜ್ಜಿದ, ಉಬ್ಬಿದ ಬ್ಯಾಟರಿಗೆ ನಿವೃತ್ತಿ ಕೊಡಿ. ಚುಚ್ಚಿ ಗಾಳಿ ತೆಗೆಯುವ ಯೋಚನೆ ಬೇಡ. 3ಎಸ್ ಆದರೆ ಹೊರಗೆ, ತೆರೆದ ಜಾಗದಲ್ಲಿ 12 ವೋಲ್ಟ್‌ನ ಕಾರಿನ ಬಲ್ಬ್ ಸಿಕ್ಕಿಸಿ ಪೂರ್ತಿ ಆರುವ ತನಕ ಬಿಡಿ, ಬಲ್ಬೂ ಸುಡುವಷ್ಟು ಕಾಯುತ್ತದೆ, ಕಲ್ಲಿನ ಮೇಲಿಡಿ. ಆಮೇಲೆ ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಕಸದ ಬುಟ್ಟಿಗಲ್ಲ. ಉಪ್ಪು ನೀರಿನಲ್ಲಿ ಮುಳುಗಿಸುವ ಹಳೆ ಉಪಾಯ ನಂಬಬೇಡಿ. ತುದಿಗಳು ತುಕ್ಕು ಹಿಡಿದು ಕಡಿದುಹೋಗುತ್ತವೆ, ಒಳಗೆ ಚಾರ್ಜ್ ಹಾಗೇ ಉಳಿದಿರುತ್ತದೆ, ನಿಮಗೆ ಅಳೆಯಲೂ ದಾರಿ ಇರುವುದಿಲ್ಲ.

ಬೆಂಕಿ ಹೊತ್ತೇ ಬಿಟ್ಟರೆ? ಮಗಳನ್ನು ಎತ್ತಿಕೊಂಡು ಹೊರಗೆ ನಡೆಯಿರಿ, ಬಾಗಿಲು ಎಳೆದುಕೊಳ್ಳಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಶ್ವಾಸಕೋಶ ಸುಡುವಂಥದ್ದು. ಲಿಥಿಯಂ ಅಲ್ವಾ, ನೀರು ಹಾಕಬಾರದು ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಈ ಬ್ಯಾಟರಿಗಳಿಗೆ ಅದು ಅನ್ವಯಿಸುವುದಿಲ್ಲ, ತಣ್ಣಗಾಗಿಸಲು ಬೇಕಾದದ್ದು ಧಾರಾಳ ನೀರೇ. ಪುಡಿ ಸಿಂಪಡಿಸುವ ಸಿಲಿಂಡರ್ ಜ್ವಾಲೆ ಆರಿಸುತ್ತದೆ, ಬಿಸಿ ತೆಗೆಯುವುದಿಲ್ಲ, ಹಾಗಾಗಿ ಮತ್ತೆ ಹೊತ್ತಿಕೊಳ್ಳಬಹುದು. ಆದರೆ ಮನೆಯೊಳಗೆ ಹೊಗೆ ತುಂಬಿದ ಮೇಲೆ ಇದನ್ನೆಲ್ಲ ಪ್ರಯತ್ನಿಸಬೇಡಿ.

ರಿಮೋಟಿಗೆ ಹಾಕುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗಳಿಗೆ ಇಷ್ಟು ಜಾಗ್ರತೆ ಬೇಡ, ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟರೆ ಸಾಕು. 18650 ಅನ್ನೋ ಉರುಟು ಕೊಳವೆ ಆಕಾರದ ಲಿಥಿಯಂ ಸೆಲ್ ಇದ್ದರೆ ಅದರ ಮೇಲಿನ ಪ್ಲಾಸ್ಟಿಕ್ ಸುತ್ತು ಹರಿದಿದೆಯಾ ನೋಡಿ, ಒಳಗಿನ ಡಬ್ಬಿ ಪೂರ್ತಿ ಮೈನಸ್, ಪ್ಲಸ್ ತುದಿಗೂ ಅದಕ್ಕೂ ಅಂತರ ಬಹಳ ಕಡಿಮೆ.

ನಾಳೆ ಆಡಿಸಿ ಬಂದ ಮೇಲೆ ಬ್ಯಾಟರಿಗಳು ತಣ್ಣಗಾಗಲು ಅರ್ಧ ಗಂಟೆ ಬಿಡಿ. ಆಮೇಲೆ ಏಳರದ್ದೂ ಒಂದೊಂದು ಸೆಲ್‌ನ ವೋಲ್ಟೇಜ್ ಅಳೆದು ಇಲ್ಲೇ ಕೆಳಗೆ ಬರೆಯಿರಿ, ಜೊತೆಗೆ ಯಾವುದಾದರೂ ಸ್ವಲ್ಪ ಉಬ್ಬಿದಂತೆ ಅನ್ನಿಸಿದರೆ ಅದನ್ನೂ ಹೇಳಿ. ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಬಿಡಬೇಕು ಅಂತ ನೋಡಿ ಹೇಳುತ್ತೇನೆ.