ಕೂತರೆ ತುತ್ತು, ಬಂದರೆ ತುತ್ತು: ಸಾಕುನಾಯಿಯ ಕಲಿಕೆ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಡೆತ ಬಡಿತಗಳಿಲ್ಲದೆ, ತಿನಿಸು ಮತ್ತು ಮೆಚ್ಚುಗೆಯ ಮೂಲಕ ಸಾಕುನಾಯಿಗೆ ನಡವಳಿಕೆ ಕಲಿಸುವ ಬಗ್ಗೆ ಓದುಗರು ಕೇಳಿರುವ ಐದು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲನೆಯ ಉತ್ತರವನ್ನು ಎಲ್ಲರೂ ಓದಬೇಕೆಂದು ಕೋರುತ್ತೇನೆ. ಉಳಿದ ಉತ್ತರಗಳು ಅದರ ಆಧಾರದ ಮೇಲೆಯೇ ನಿಂತಿವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಏಳು ತಿಂಗಳ ಲ್ಯಾಬ್ರಡಾರ್ ಇದೆ. ಯಾರೇ ಒಳಗೆ ಬಂದರೂ ಮೈಮೇಲೆ ಎಗರುತ್ತದೆ. ಕಳೆದ ವಾರ ನಮ್ಮ ಮಾವನವರು ಬೀಳುವುದರಲ್ಲಿದ್ದರು. ಅವರಿಗೆ 78 ವರ್ಷ. ಗದರಿದ್ದಾಯಿತು, ತಳ್ಳಿದ್ದಾಯಿತು, ಪೇಪರ್ ಸುತ್ತಿ ಹೊಡೆದದ್ದೂ ಆಯಿತು. ‘ಮನೆಯ ಯಜಮಾನ ಯಾರೆಂದು ನಾಯಿಗೆ ತೋರಿಸಿಕೊಡಬೇಕು’ ಎಂದು ನೆರೆಯವರು ಹೇಳುತ್ತಾರೆ. ಏನು ಮಾಡಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಮೊದಲು ಮಾವನವರ ಸುರಕ್ಷತೆಯನ್ನು ನೋಡಿಕೊಳ್ಳೋಣ. ನಾಯಿ ಕಲಿಯುವವರೆಗೆ, ಯಾರಾದರೂ ಬರುವ ಹೊತ್ತಿಗೆ ಅದನ್ನು ಬೆಲ್ಟಿನಲ್ಲಿ ಹಿಡಿದುಕೊಳ್ಳಿ ಅಥವಾ ಒಳಕೋಣೆಯಲ್ಲಿ ಬಿಡಿ. ಇದನ್ನು ಶಿಕ್ಷೆಯೆಂದು ಭಾವಿಸಬೇಡಿ. ಎಗರಿದಷ್ಟೂ ಎಗರುವುದು ರೂಢಿಯಾಗುತ್ತದೆ. ಅದಕ್ಕೆ ಅವಕಾಶವಾಗದಂತೆ ತಡೆಯುವುದು ಕಲಿಕೆಯ ಅರ್ಧ ಕೆಲಸ.

ನಾಯಿಗೆ ಬೇಕಾಗಿರುವುದು ನಿಮ್ಮ ಮುಖ, ನಿಮ್ಮ ಕೈ, ನಿಮ್ಮ ದನಿ. ಅದು ಎಗರಿದ ಕೂಡಲೇ ನೀವು ಅದರ ಕಡೆ ನೋಡುತ್ತೀರಿ, ಕೈಯಿಂದ ತಳ್ಳುತ್ತೀರಿ, ‘ಏಯ್, ಇಳಿ’ ಎಂದು ಕೂಗುತ್ತೀರಿ. ನಿಮ್ಮ ಲೆಕ್ಕದಲ್ಲಿ ಅದು ಗದರಿಕೆ. ನಾಯಿಯ ಲೆಕ್ಕದಲ್ಲಿ ಬಯಸಿದ ಮೂರೂ ಒಟ್ಟಿಗೆ ದೊರೆತಂತೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು 1898ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಹಸಿದ ಬೆಕ್ಕನ್ನು ಅಗುಳಿಯುಳ್ಳ ಪೆಟ್ಟಿಗೆಯಲ್ಲಿ ಕೂಡಿ, ಹೊರಗೆ ಆಹಾರ ಇಡುತ್ತಿದ್ದರು. ಮೊದಲ ಸಲ ಬೆಕ್ಕು ಎಲ್ಲೆಂದರಲ್ಲಿ ಪರಚಿ ಹೇಗೋ ಅಗುಳಿ ತೆರೆಯುತ್ತಿತ್ತು. ಸಲಸಲಕ್ಕೂ ಅದಕ್ಕೆ ಹಿಡಿಯುವ ಹೊತ್ತು ಕಡಿಮೆಯಾಗುತ್ತ ಬರುತ್ತಿತ್ತು. ಯಾವ ಕ್ರಿಯೆಯ ಬೆನ್ನಿಗೇ ಹಿತವಾದದ್ದು ದೊರೆಯುತ್ತದೆಯೋ ಆ ಕ್ರಿಯೆಯೇ ಮರುಕಳಿಸುತ್ತದೆ ಎಂಬ ನಿಯಮ ಹುಟ್ಟಿದ್ದು ಅಲ್ಲಿಂದ. ನಿಮ್ಮ ಲ್ಯಾಬ್ರಡಾರ್ ಕೂಡ ಆ ನಿಯಮದಂತೆಯೇ ನಡೆಯುತ್ತಿದೆ. ಅದು ಮೊಂಡುತನ ಮಾಡುತ್ತಿಲ್ಲ.

ನೆರೆಯವರ ಮಾತಿಗೂ ಉತ್ತರ ಹೇಳಬೇಕು. ತೋಳಗಳು ಕಾದಾಡಿ ಯಜಮಾನಿಕೆ ಗಳಿಸುತ್ತವೆ, ನಾಯಿಗೂ ಅದೇ ಭಾಷೆ ಅರ್ಥವಾಗುತ್ತದೆ ಎಂಬ ನಂಬಿಕೆ ಹರಡಲು ಪ್ರಾಣಿಗಳ ನಡವಳಿಕೆಯ ಅಧ್ಯಯನಕಾರ ರುಡಾಲ್ಫ್ ಶೆಂಕೆಲ್ ಅವರ 1947ರ ಅಧ್ಯಯನ ಒಂದು ಮುಖ್ಯ ಕಾರಣ. ಆದರೆ ಅವರು ನೋಡಿದ್ದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ್ದ ತೋಳಗಳನ್ನು. ಆ ವಿಚಾರವನ್ನು 1970ರ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ ಅಮೆರಿಕದ ತೋಳ ಸಂಶೋಧಕ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ, 1999ರಲ್ಲಿ ಅದನ್ನು ತಿದ್ದಿ ಬರೆದರು: ಕಾಡಿನಲ್ಲಿ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಾಯಿ, ತಂದೆ ಮತ್ತು ಅವುಗಳ ಮರಿಗಳ ಒಂದು ಸಂಸಾರ. ಯಜಮಾನಿಕೆಯ ಹೆಸರಿನಲ್ಲಿ ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿಯುವುದು, ಪೇಪರಿನಿಂದ ಹೊಡೆಯುವುದು ಇವೆಲ್ಲ ಅದಕ್ಕೆ ಕಲಿಸುವುದು ಒಂದನ್ನೇ, ಮನುಷ್ಯನ ಕೈ ಕಂಡರೆ ಹೆದರುವುದನ್ನು. ಹೆದರಿದ ನಾಯಿ ಒಂದು ದಿನ ಕಚ್ಚುತ್ತದೆ. ದಯವಿಟ್ಟು ಅದನ್ನು ಇಂದೇ ನಿಲ್ಲಿಸಿ.

ಅದರ ಬದಲು ಎಗರುವುದರ ಜಾಗಕ್ಕೆ ಕೂರುವುದನ್ನು ತನ್ನಿ. ಒಂದೇ ಕಾಲಕ್ಕೆ ಕೂರುವುದೂ ಎಗರುವುದೂ ಆಗದಷ್ಟೆ. ಕಡಲೆಕಾಳಿನಷ್ಟು ಚಿಕ್ಕ ತಿನಿಸಿನ ಚೂರೊಂದನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ನಾಯಿಯ ಮೂಗಿನ ಮುಂದೆ ತನ್ನಿ. ಅದು ಮೂಸತೊಡಗಿದಾಗ ಕೈಯನ್ನು ನಿಧಾನವಾಗಿ, ಮೂಗಿನಿಂದ ಹಣೆಯ ಮೇಲಕ್ಕೆ, ಅಲ್ಲಿಂದ ಬೆನ್ನಿನ ಕಡೆಗೆ ಸರಿಸಿ. ಕತ್ತು ಮೇಲೆದ್ದಂತೆ ಹಿಂಭಾಗ ತಾನೇ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಆ ಕ್ಷಣದಲ್ಲೇ ‘ಸೈ’ ಎನ್ನಿ, ಕೂಡಲೇ ಚೂರು ಕೊಡಿ. ‘ಸೈ’ ಎಂಬುದು ಆ ಕ್ಷಣಕ್ಕೆ ನೀವು ಒತ್ತುವ ಮುದ್ರೆ. ಮೂರು ಸೆಕೆಂಡು ತಡವಾದರೆ ನಾಯಿ ಆಗಲೇ ಎದ್ದಿರುತ್ತದೆ, ನೀವು ಎದ್ದದ್ದಕ್ಕೆ ಕೂಲಿ ಕೊಟ್ಟಂತಾಗುತ್ತದೆ. ನಾನು ನೋಡಿರುವ ಮನೆಗಳಲ್ಲಿ ಕಲಿಕೆ ಕೆಡುವುದು ಹೆಚ್ಚಾಗಿ ಈ ಮೂರು ಸೆಕೆಂಡಿನಲ್ಲಿಯೇ. ನಾಲ್ಕೈದು ಸಲದ ನಂತರ ಕೈಯಲ್ಲಿ ತಿನಿಸಿಲ್ಲದೆ ಅದೇ ಸನ್ನೆ ಮಾಡಿ, ಕೂತ ಮೇಲೆ ಇನ್ನೊಂದು ಕೈಯಿಂದ ಕೊಡಿ. ಇಲ್ಲವಾದರೆ ತಿನಿಸು ಕಂಡರೆ ಮಾತ್ರ ಕೂರುವ ನಾಯಿಯಾಗುತ್ತದೆ.

ಕೂರುವುದು ಗಟ್ಟಿಯಾದ ಮೇಲೆ ಬಾಗಿಲ ಬಳಿಯ ಗೂಡಿನಲ್ಲಿ ತಿನಿಸಿನ ಡಬ್ಬಿ ಇಡಿ. ಮನೆಯವರು ಒಬ್ಬೊಬ್ಬರಾಗಿ ಹೊರಗೆ ಹೋಗಿ ಬರಲಿ. ಎಗರಿದರೆ ಮಾತಿಲ್ಲದೆ, ನೋಟವಿಲ್ಲದೆ ಬೆನ್ನು ತಿರುಗಿಸಲಿ. ನಾಲ್ಕು ಕಾಲೂ ನೆಲದಲ್ಲಿದ್ದರೆ ಬಾಗಿ ಸವರಲಿ, ಕೂತರೆ ತುತ್ತು ಕೊಡಲಿ. ಮೊದಲ ಕೆಲವು ದಿನ ಎಗರಾಟ ಇನ್ನೂ ಜಾಸ್ತಿಯಾಗಬಹುದು. ಇಷ್ಟು ದಿನ ಫಲ ಕೊಟ್ಟದ್ದು ಈಗ ಕೊಡದಿದ್ದಾಗ ನಾಯಿ ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಆಗ ಒಬ್ಬರು ಸೋತು ಮುದ್ದು ಮಾಡಿದರೂ ಜೋರು ಮಾಡಿದರೆ ಸಿಗುತ್ತದೆ ಎಂದು ಕಲಿತುಬಿಡುತ್ತದೆ. ಮಾವನವರು ಈ ಅಭ್ಯಾಸಕ್ಕೆ ಕೊನೆಯಲ್ಲಿ, ಕುರ್ಚಿಯಲ್ಲಿ ಕುಳಿತೇ ಸೇರಿಕೊಳ್ಳಲಿ.

ಪ್ರಶ್ನೆ: ಹೊಲದ ಮನೆಯಲ್ಲಿ ಒಂದೂವರೆ ವರ್ಷದ ಮುಧೋಳ ನಾಯಿ ಸಾಕಿದ್ದೇನೆ. ಮನೆಯೊಳಗೆ ಕರೆದರೆ ಬರುತ್ತದೆ; ಬಯಲಲ್ಲಿ ಬಿಟ್ಟರೆ ಮೊಲವೋ ಬೆಕ್ಕೋ ಕಂಡಿತೆಂದರೆ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ. ಬಂದ ಮೇಲೆ ಎರಡು ಬಾರಿಸುತ್ತೇನೆ, ಆದರೂ ಬುದ್ಧಿ ಬಂದಿಲ್ಲ.
– ಕೃಷಿಕರು, ಬಾಗಲಕೋಟೆ ಜಿಲ್ಲೆ

ಉತ್ತರ: ಬಂದ ಮೇಲೆ ಬಾರಿಸಿದರೆ ಏಟು ಬೀಳುವುದು ಓಡಿದ್ದಕ್ಕಲ್ಲ, ಬಂದದ್ದಕ್ಕೆ. ಓಡಿ ಹತ್ತು ನಿಮಿಷವಾಗಿರುತ್ತದೆ. ನಾಯಿಯ ಮನಸ್ಸಿನಲ್ಲಿ ಏಟಿನ ಪಕ್ಕದಲ್ಲಿರುವುದು ನಿಮ್ಮ ಹತ್ತಿರ ಬಂದ ಕೊನೆಯ ಹೆಜ್ಜೆ. ಮುಂದಿನ ಸಲ ಅದು ಇನ್ನೂ ದೂರ ನಿಲ್ಲುತ್ತದೆ. ನಾನೂ ಒಮ್ಮೆ ಇಂಥದೇ ತಪ್ಪು ಮಾಡಿದ್ದೇನೆ. ಬೀದಿಯಿಂದ ತಂದು ಸಾಕಿದ್ದ ನಮ್ಮ ಕಾಳಿಯನ್ನು ಸ್ನಾನ ಮಾಡಿಸಬೇಕಾದಾಗಲೆಲ್ಲ ‘ಬಾ’ ಎಂದು ಕರೆಯುತ್ತಿದ್ದೆ. ಎರಡೇ ತಿಂಗಳಲ್ಲಿ ಆ ಪದ ಕೇಳಿದರೆ ಮಂಚದಡಿ ಸೇರುತ್ತಿದ್ದಳು. ಕೊನೆಗೆ ಆ ಪದವನ್ನೇ ಬಿಟ್ಟು ‘ಇಲ್ಲಿ’ ಎಂಬ ಹೊಸ ಪದದಿಂದ ಮೊದಲಿನಿಂದ ಕಲಿಸಬೇಕಾಯಿತು. ನೀವೂ ಹೊಸ ಪದದಿಂದಲೇ ಆರಂಭಿಸಿ.

ನಿಮ್ಮ ನಾಯಿಯ ಹುಟ್ಟನ್ನೂ ಅರಿಯಬೇಕು. ಮುಧೋಳ ತಳಿ ವಾಸನೆ ಹಿಡಿದು ಹೋಗುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆ ಹುಡುಕಿ ಓಡುವ ತಳಿ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದನ್ನು ಪೋಷಿಸಿದ್ದು ಆ ಗುಣಕ್ಕಾಗಿಯೇ. ಕದಲುವ ವಸ್ತುವಿನ ಬೆನ್ನಟ್ಟುವುದು ಅದಕ್ಕೆ ಯಾವ ತಿನಿಸಿಗಿಂತಲೂ ದೊಡ್ಡ ಬಹುಮಾನ. ಹಾಗೆಂದು ಈ ತಳಿ ಕಲಿಯಲಾರದೆಂದು ತಿಳಿಯಬೇಡಿ: 2016ರಲ್ಲಿ ಭಾರತೀಯ ಸೇನೆ ಮುಧೋಳ ಮರಿಗಳನ್ನು ಮೀರತ್‌ನ ತನ್ನ ತರಬೇತಿ ಕೇಂದ್ರಕ್ಕೆ ಒಯ್ದು ಪಳಗಿಸಲು ತೊಡಗಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ನಾಯಿ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ನಿಮಗೆ ಹತ್ತಿರವೇ ಇದೆ. ತಳಿಯ ಸ್ವಭಾವ, ಆರೋಗ್ಯಗಳ ಬಗ್ಗೆ ಅಲ್ಲಿ ಕೇಳಿ ತಿಳಿಯಬಹುದು.

ಹತ್ತು ಮೀಟರಿನ ಹಗುರ ಹಗ್ಗವೊಂದನ್ನು ಎದೆಪಟ್ಟಿಗೆ ಕಟ್ಟಿ. ಕೊರಳಪಟ್ಟಿಗೆ ಬೇಡ, ಇಷ್ಟು ವೇಗದ ನಾಯಿ ಹಗ್ಗದ ತುದಿ ಮುಟ್ಟಿ ಜಗ್ಗಿದರೆ ಕತ್ತಿಗೆ ಪೆಟ್ಟಾಗುತ್ತದೆ. ಮೊದಲ ವಾರ ಅಂಗಳದಲ್ಲಿ, ನಾಯಿ ಬೇರೆ ಏನನ್ನೂ ನೋಡದಿರುವಾಗ ಮಾತ್ರ ಒಮ್ಮೆ ಕರೆಯಿರಿ. ಬಂದರೆ ಒಂದು ಚೂರಲ್ಲ, ಒಂದರ ಹಿಂದೊಂದರಂತೆ ನಾಲ್ಕೈದು ಚೂರು, ಬೆನ್ನು ತಟ್ಟುವುದು, ಸಂತೋಷದ ದನಿ, ಎಲ್ಲವೂ ಇರಲಿ. ನಂತರ ‘ಹೋಗು’ ಎಂದು ಮತ್ತೆ ಬಿಟ್ಟುಬಿಡಿ. ಈ ಬಿಡುವುದೇ ಮುಖ್ಯ: ಬಂದರೆ ಆಟ ಮುಗಿಯಿತು ಎಂದು ಅದಕ್ಕೆ ಅನಿಸಕೂಡದು. ಹತ್ತು ಸಲದಲ್ಲಿ ಒಂಬತ್ತು ಸಲ ಬರುವಂತಾದ ಮೇಲೆ ಹೊಲದ ಬದುವಿಗೆ, ಆಮೇಲೆ ಕುರಿಗಳು ದೂರದಲ್ಲಿ ಕಾಣುವ ಬಯಲಿಗೆ ಹೋಗಿ. ಐದು ಸಲ ಕೂಗುವ ಅಭ್ಯಾಸ ಬಿಡಿ. ಬರಲಾರದೆಂದು ಕಂಡರೆ ಕರೆಯಲೇಬೇಡಿ, ನೀವೇ ಹಗ್ಗ ಹಿಡಿದು ಹತ್ತಿರ ಹೋಗಿ. ಇಷ್ಟೆಲ್ಲ ಆದ ಮೇಲೂ, ರಸ್ತೆ ಹತ್ತಿರವಿರುವ ಕಡೆ ಮುಧೋಳ ನಾಯಿಯನ್ನು ಹಗ್ಗವಿಲ್ಲದೆ ಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಪ್ರಶ್ನೆ: ನಮ್ಮದು ಸಸ್ಯಾಹಾರಿ ಮನೆ. ಬಹುಮಾನವಾಗಿ ಏನು ಕೊಡಬಹುದು? ದಿನವಿಡೀ ತಿನ್ನಿಸಿದರೆ ನಾಯಿ ದಪ್ಪವಾಗುವುದಿಲ್ಲವೇ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ಉಪ್ಪು, ಖಾರ, ಸಕ್ಕರೆ ಇಲ್ಲದ ಪನೀರಿನ ಚೂರು, ಬೇಯಿಸಿದ ಗೆಣಸು, ಕ್ಯಾರೆಟ್, ಸೌತೆಕಾಯಿ, ಬೀಜ ತೆಗೆದ ಸೇಬು ಎಲ್ಲವೂ ಆಗುತ್ತವೆ. ದಿನದ ಊಟದಲ್ಲಿಯೇ ಒಂದು ಹಿಡಿ ಎತ್ತಿಟ್ಟುಕೊಂಡು ಅದನ್ನೇ ಕಾಳುಕಾಳಾಗಿ ಕೊಡುವುದು ಇನ್ನೂ ಒಳ್ಳೆಯದು. ತಿನಿಸಿನಿಂದ ಬರುವ ಶಕ್ತಿ ದಿನದ ಒಟ್ಟು ಆಹಾರದ ಹತ್ತನೇ ಒಂದು ಭಾಗ ಮೀರದಿರಲಿ, ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ನಾಯಿ ಚೂರಿನ ಗಾತ್ರಕ್ಕಿಂತ ಎಷ್ಟು ಸಲ ಸಿಕ್ಕಿತೆಂಬುದನ್ನು ಹೆಚ್ಚು ಗಮನಿಸುತ್ತದೆ, ಆದ್ದರಿಂದ ಒಂದು ಬಿಸ್ಕತ್ತನ್ನು ಇಡಿಯಾಗಿ ಕೊಡುವ ಬದಲು ಎಂಟು ಚೂರು ಮಾಡಿ ಎಂಟು ಪಾಠ ಹೇಳಬಹುದು.

ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಹಬ್ಬದ ದಿನ ಪಾಯಸ, ಕೇಸರಿಬಾತುಗಳ ತಟ್ಟೆ ಅದಕ್ಕೆ ಎಟುಕದಿರಲಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡದು. ಸಕ್ಕರೆಯ ಬದಲಿಗೆ ಕ್ಸೈಲಿಟಾಲ್ ಬಳಸಿದ ಚ್ಯೂಯಿಂಗ್ ಗಮ್ ಮತ್ತು ಮಿಠಾಯಿಗಳು ಪ್ರಾಣಕ್ಕೇ ಅಪಾಯ. ಇವುಗಳಲ್ಲಿ ಯಾವುದನ್ನಾದರೂ ತಿಂದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರಿಗೆ ತೋರಿಸಿ.

ಪ್ರಶ್ನೆ: ಅಜ್ಜಿ ‘ಕೂತ್ಕೋ’ ಎನ್ನುತ್ತಾರೆ, ನಾನು ‘ಕೂರು’ ಎನ್ನುತ್ತೇನೆ, ಮಗಳು ‘ಸಿಟ್’ ಎನ್ನುತ್ತಾಳೆ. ನಾಯಿಗೆ ಇಂಗ್ಲಿಷಿನಲ್ಲೇ ಹೇಳಬೇಕೆ?
– ಓದುಗರು, ಬೆಂಗಳೂರು

ಉತ್ತರ: ಯಾವ ಭಾಷೆಯಾದರೂ ಸರಿಯೇ, ನಾಯಿಗೆ ಅದು ಒಂದು ಸದ್ದು, ಅಷ್ಟೇ. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ಆಟಿಕೆಗಳ ಹೆಸರುಗಳನ್ನು ಕಲಿತದ್ದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ. ಆದರೆ ಅಲ್ಲಿ ಒಂದು ಆಟಿಕೆಗೆ ಒಂದೇ ಹೆಸರಿತ್ತು. ನಿಮ್ಮ ಮನೆಯಲ್ಲಿ ಒಂದು ಕೆಲಸಕ್ಕೆ ಮೂರು ಪದಗಳಿವೆ. ಎಲ್ಲರೂ ಕೂತು ಪದಗಳನ್ನು ಗೊತ್ತು ಮಾಡಿ, ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿ. ಅಜ್ಜಿಯ ಪದವನ್ನೇ ಉಳಿಸಿಕೊಳ್ಳಿ ಎನ್ನುವುದು ನನ್ನ ಸಲಹೆ, ಏಕೆಂದರೆ ಹಗಲೆಲ್ಲ ನಾಯಿಯ ಜೊತೆ ಇರುವವರು ಅವರೇ. ಒಂದಕ್ಕೊಂದು ಹೋಲುವ ಪದಗಳನ್ನು ಬಿಡಿ: ‘ಬಾ’, ‘ಬೇಡ’, ‘ಬಿಡು’ ಮೂರೂ ‘ಬ’ಕಾರದಿಂದ ಆರಂಭವಾದರೆ ದೂರದಿಂದ ಕೇಳುವ ನಾಯಿಗೆ ಗೊಂದಲವಾಗಬಹುದು.

ಪ್ರಶ್ನೆ: ನಾನು ಆರನೇ ತರಗತಿಯಲ್ಲಿ ಓದುತ್ತಿದ್ದೇನೆ. ನಮ್ಮ ನಾಯಿಗೆ ‘ಕೈ ಕೊಡು’ ಎಂದರೆ ಕೈ ಕೊಡುವುದನ್ನು ಕಲಿಸಬೇಕು. ಅಪ್ಪ ಉಗುರು ಕತ್ತರಿಸಲು ಹೋದರೆ ಮಾತ್ರ ಅದು ಗುರ್ ಎನ್ನುತ್ತದೆ.
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಪುಟ್ಟಾ, ನೀನು ಒಂದೇ ಪತ್ರದಲ್ಲಿ ಕೇಳಿದ ಎರಡು ಮಾತುಗಳೂ ಒಂದೇ ಪಾಠದೊಳಗೆ ಬರುತ್ತವೆ. ಅಪ್ಪನೋ ಅಮ್ಮನೋ ಜೊತೆಗಿರುವಾಗ ನಾಯಿಯನ್ನು ಕೂರಿಸಿ, ಒಂದು ಚೂರು ತಿನಿಸನ್ನು ಮುಷ್ಟಿಯಲ್ಲಿ ಮುಚ್ಚಿ ಅದರ ಎದೆಯ ಮಟ್ಟಕ್ಕೆ ಹಿಡಿ. ಮೊದಲು ಮೂಸುತ್ತದೆ, ನೆಕ್ಕುತ್ತದೆ. ಮುಷ್ಟಿ ಬಿಡಬೇಡ, ಮಾತೂ ಆಡಬೇಡ. ಸ್ವಲ್ಪ ಹೊತ್ತಿನಲ್ಲಿ ಮುಂಗಾಲೆತ್ತಿ ಮುಷ್ಟಿಯನ್ನು ಕೆರೆಯುತ್ತದೆ. ಆಗಲೇ ‘ಸೈ’ ಎಂದು ಮುಷ್ಟಿ ಬಿಚ್ಚು. ಅದು ಹಲವು ಸಲ ಹಾಗೆ ಮಾಡಿದ ಮೇಲೆ ಬರಿಯ ಅಂಗೈಯನ್ನು ಚಾಚು, ಕಾಲು ಅಂಗೈ ಮೇಲೆ ಬಂದೊಡನೆ ಇನ್ನೊಂದು ಕೈಯಿಂದ ತುತ್ತು ಕೊಡು. ‘ಕೈ ಕೊಡು’ ಎಂಬ ಮಾತನ್ನು ಸೇರಿಸುವುದು ಇಷ್ಟಾದ ಮೇಲೆಯೇ. ಒಂದು ಸಲಕ್ಕೆ ಐದು ನಿಮಿಷ ಸಾಕು. ಅದು ಇನ್ನೂ ಆಡಬೇಕೆನ್ನುವಾಗಲೇ ನಿಲ್ಲಿಸು.

ಮುಂದಿನದು ಅಪ್ಪನಿಗೆ. ಗುರ್ ಎನ್ನುವುದಕ್ಕೆ ಗದರಬೇಡಿ. ‘ನನಗೆ ಭಯವಾಗುತ್ತಿದೆ’ ಎಂದು ಹೇಳಲು ಅದಕ್ಕಿರುವ ದಾರಿ ಅದು, ಅದನ್ನು ಮುಚ್ಚಿದರೆ ಮುಂದೆ ಎಚ್ಚರಿಕೆಯಿಲ್ಲದೆ ಕಚ್ಚಬಹುದು. ಮೊದಲೆರಡು ದಿನ ಅದಾಗಿಯೇ ಕೈ ಕೊಟ್ಟಾಗ ಒಂದು ಗಳಿಗೆ ಹಿಡಿದು ತುತ್ತು ಕೊಡಿ. ಆಮೇಲೆ ಒಂದು ಬೆರಳನ್ನು ಮೆಲ್ಲಗೆ ಒತ್ತಿ ತುತ್ತು ಕೊಡಿ. ಕತ್ತರಿಯನ್ನು ಬರಿದೆ ನೆಲದ ಮೇಲಿಟ್ಟು, ನೋಡಿದ್ದಕ್ಕೆ ತುತ್ತು. ಉಗುರಿಗೆ ಕತ್ತರಿ ಮುಟ್ಟಿಸಿ, ಕತ್ತರಿಸದೆ ತುತ್ತು. ಕಾಲನ್ನು ಹಿಂದಕ್ಕೆಳೆದರೆ ತಕ್ಷಣ ಬಿಟ್ಟುಬಿಡಿ, ಮರುದಿನ ಒಂದು ಮೆಟ್ಟಿಲು ಹಿಂದಿನಿಂದ ಆರಂಭಿಸಿ. ಕತ್ತರಿಸುವ ದಿನ ಒಂದೇ ಉಗುರು, ಅದೂ ತುದಿ ಮಾತ್ರ. ಒಳಗೆ ರಕ್ತನಾಳವಿರುತ್ತದೆ, ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣವಾಗಿ ಕಾಣುತ್ತದೆ, ಕಪ್ಪು ಉಗುರಿನಲ್ಲಿ ಕಾಣುವುದಿಲ್ಲ. ಹದಿನೆಂಟು ಉಗುರು ಮುಗಿಯಲು ಮೊದಲ ಸಲ ಎರಡು ಮೂರು ವಾರ ಬೇಕಾದರೆ ಬೇಕಾಗಲಿ. ತುತ್ತು ಕೊಡುವ ಕೆಲಸವನ್ನು ಮಗಳಿಗೇ ಬಿಡಿ.